ಅಜ್ಜಿ ಹೋದಳು ಅನ್ನಬಾರದು

ನಮ್ಮ ಓಣಿಯಲ್ಲಿ ಹಡಗಿನ ವಿಷಯ ಬಂದಾಗ ಒಂದು ಮಾತನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ. ‘ಹೋಯಿತು’ ಎನ್ನುವ ಮಾತು. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುತ್ತಾರಲ್ಲ, ಹಾಗೆ. ಹಡಗು ಬಂದರು ಬಿಟ್ಟರೆ ‘ಹೊರಟಿತು’ ಅನ್ನಬೇಕು. ‘ಹೋಯಿತು’ ಅಂದರೆ ಮುಳುಗಿತು ಎಂದೇ ಅರ್ಥ. ಬೇರೆ ಊರಿನಿಂದ ಬಂದ ಹೊಸ ಸೊಸೆ ಯಾರಾದರೂ ಮರೆತು ‘ಬೆಳಿಗ್ಗೆಯೇ ಹೋಯ್ತಂತೆ’ ಅಂದುಬಿಟ್ಟರೆ, ಅತ್ತೆಯಾದವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು ಬಾಯಿಗೊಂದು ಕೊಡುತ್ತಿದ್ದಳು. ಒಂದೇ ಏಟಿಗೆ ಪಾಠ ಮುಗಿಯುತ್ತಿತ್ತು.

ನನ್ನ ಅತ್ತಿಗೆಗೂ ಅಂಥ ಏಟು ಬಿದ್ದಿದೆ. ಅದು ಮರೆತು ಆಡಿದ ಮಾತಿಗಲ್ಲ.

ಅಣ್ಣ ಕೆಲಸಕ್ಕಿದ್ದ ಸರಕು ಹಡಗಿಗೆ ಕಂಪನಿಯ ಮಾಲೀಕ ತನ್ನ ತಾಯಿಯ ಹೆಸರಿಟ್ಟಿದ್ದ. ಉದ್ದದ ಹೆಸರಲ್ಲ, ನಾಲ್ಕೇ ಅಕ್ಷರ. ಆದರೂ ಆ ಹೆಸರಿನಿಂದ ನಮ್ಮಲ್ಲಿ ಯಾರೂ ಕರೆಯಲಿಲ್ಲ. ಮಾಲೀಕನ ತಾಯಿ ಅಂದಮೇಲೆ ನಮಗೆ ಅಜ್ಜಿಯೇ ಆಗಬೇಕು ಎಂದು ಯಾರೋ ಅಂದರು. ಹಡಗಿನ ವಯಸ್ಸೂ ಅದಕ್ಕೆ ತಕ್ಕಂತಿತ್ತು. ಅಜ್ಜಿ ಅಂತಲೇ ನಿಂತಿತು. ಗೋಧಿ, ಸಿಮೆಂಟು, ಮರದ ದಿಮ್ಮಿ, ಏನು ಕೊಟ್ಟರೂ ಹೊರುತ್ತಿದ್ದಳು. ಅಣ್ಣ ಅವಳ ಹೊಟ್ಟೆಯೊಳಗೆ ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಕೆಲಸದವನು. ಮನೆಗೆ ಬಂದಾಗ ಅಮ್ಮ ಮೊದಲು ಅವನ ಆರೋಗ್ಯ ಕೇಳುತ್ತಿರಲಿಲ್ಲ.

“ಅಜ್ಜಿ ಹೇಗಿದ್ದಾಳೋ?”

“ಕೆಮ್ಮು ಜಾಸ್ತಿಯಾಗಿದೆ ಅಮ್ಮ. ಈ ಸಲ ಕಲ್ಲಿದ್ದಲಿಗೆ ಮಣ್ಣು ಬೆರೆಸಿ ಕೊಟ್ಟಿದ್ರು. ಅಜೀರ್ಣ.”

ಅವಳ ಎಡಗೆನ್ನೆಯಲ್ಲಿ ಒಂದು ಗುಳಿ ಇತ್ತು. ಮೂತಿಯ ಪಕ್ಕದಲ್ಲಿ, ಹೆಸರು ಬರೆದ ಜಾಗದಿಂದ ಸ್ವಲ್ಪ ಕೆಳಗೆ. ಕುಡಿದು ಬಂದಿದ್ದ ಯಾರೋ ಚುಕ್ಕಾಣಿ ಹಿಡಿದಾಗ ಬಂದರಿನ ಕಟ್ಟೆಗೆ ಉಜ್ಜಿ ಆಗಿದ್ದ ತಗ್ಗು. ‘ನಕ್ಕರೆ ಗುಳಿ ಬೀಳುತ್ತೆ ನಮ್ಮಜ್ಜಿಗೆ’ ಎಂದು ಅಣ್ಣ ಹೆಮ್ಮೆಯಿಂದ ಹೇಳುತ್ತಿದ್ದ.

ಯುದ್ಧ ಬಂತು. ಅಜ್ಜಿಯ ಬೆನ್ನ ಮೇಲೆ ಹಳೆಯ ತೋಪೊಂದನ್ನು ತಂದು ಕೂರಿಸಿದರು. “ಇದನ್ನ ಹಾರಿಸಿದ್ರೆ ವೈರಿಗೆ ಏನಾಗುತ್ತೋ ಗೊತ್ತಿಲ್ಲ, ಅಜ್ಜಿಯ ಸೊಂಟ ಮಾತ್ರ ಮುರಿಯುತ್ತೆ” ಎಂದ ಅಣ್ಣ. ಮೇಲೆ ಗೋಧಿ ಮೂಟೆ, ಕೆಳಗೆ ಮದ್ದುಗುಂಡಿನ ಪೆಟ್ಟಿಗೆ. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಅಜ್ಜಿ ಓಡಾಡತೊಡಗಿದಳು. ಹಡಗುಗಳು ಈಗ ಹಿಂಡು ಕಟ್ಟಿಕೊಂಡು ಹೊರಡುತ್ತಿದ್ದವು, ಸುತ್ತ ಕಾವಲಿನ ಹಡಗುಗಳು. ಹಿಂಡಿನ ಕೊನೆಯಲ್ಲಿ ಕುಂಟೆಮ್ಮೆಯ ಹಾಗೆ ಅಜ್ಜಿ.

ಗಂಡಸರೆಲ್ಲ ಯುದ್ಧಕ್ಕೋ ಹಡಗಿಗೋ ಹೊರಟುಬಿಟ್ಟಿದ್ದರಿಂದ ರಿಪೇರಿ ಕಟ್ಟೆಯಲ್ಲಿ ತುಕ್ಕು ಕೆರೆಯುವ, ಬಣ್ಣ ಬಳಿಯುವ ಕೆಲಸ ಹೆಂಗಸರ ಪಾಲಿಗೆ ಬಂತು. ಅತ್ತಿಗೆ ಸೇರಿದಳು, ಅವಳ ಹಿಂದೆ ನಾನೂ ಸೇರಿದೆ. ಹಡಗಿನ ಪಕ್ಕಕ್ಕೆ ಎರಡು ಹಗ್ಗದಲ್ಲಿ ಒಂದು ಹಲಗೆ ಇಳಿಬಿಡುತ್ತಿದ್ದರು. ಅದರ ಮೇಲೆ ಕೂತು, ಕಾಲು ಗಾಳಿಯಲ್ಲಿ ಬಿಟ್ಟು ಕೆಲಸ. ಮೊದಲ ದಿನ ನಾನು ಕಣ್ಣು ಮುಚ್ಚಿಕೊಂಡೇ ಕೆರೆದೆ. “ಕಣ್ಣು ಬಿಡೇ, ಹಡಗಿನ ಬದಲು ನನ್ನ ಮೊಣಕೈ ಕೆರೀತಿದ್ದೀಯ” ಎಂದಳು ಅತ್ತಿಗೆ.

ಎಲ್ಲ ಹಡಗಿಗೂ ಬೂದು ಬಣ್ಣ ಬಳಿಯಬೇಕು, ಹೆಸರು ಕಾಣಬಾರದು ಎಂದು ಹುಕುಂ. ನನಗೂ ಅತ್ತಿಗೆಗೂ ಓದು ಬರುತ್ತಿರಲಿಲ್ಲ. ನನಗೆ ಅಕ್ಷರ ಹತ್ತಿದ್ದು ಕೂದಲು ನರೆತ ಮೇಲೆ, ಸಂಜೆ ಶಾಲೆಯ ಬೆಂಚಿನ ಮೇಲೆ. ಆದರೆ ಅಳಿಸುತ್ತ ಅಳಿಸುತ್ತ ಅಕ್ಷರಗಳ ಮೈಕಟ್ಟು ಗೊತ್ತಾಗಿತ್ತು. ಅವಕ್ಕೆ ನಾವೇ ಹೆಸರಿಟ್ಟಿದ್ದೆವು: ಕೊಕ್ಕೆ, ಏಣಿ, ಜಡೆ, ಹೊಟ್ಟೆ, ಕುಂಟ. ‘ಇವತ್ತು ಎರಡು ಕುಂಟ, ಒಂದು ಜಡೆ ಅಳಿಸಿದೆ’ ಎಂದರೆ ಅದು ಒಂದು ಹಡಗಿನ ಲೆಕ್ಕ.

ಅಜ್ಜಿಯ ಹೆಸರನ್ನು ಅಳಿಸಲು ಅತ್ತಿಗೆ ಬೇರೆಯವರನ್ನು ಹತ್ತಿರ ಬಿಡಲಿಲ್ಲ. ಹೊಟ್ಟೆ, ಏಣಿ, ಕೊಕ್ಕೆ, ಜಡೆ. ಒಂದೊಂದನ್ನೂ ನಿಧಾನವಾಗಿ, ಮಗುವಿನ ಮುಖ ಒರೆಸಿದ ಹಾಗೆ ಮುಚ್ಚಿದಳು. ಮೇಲಿನ ಕಟಕಟೆಯಿಂದ ಅಣ್ಣ ಬಗ್ಗಿ ಕೂಗಿದ:

“ಏ ಬಣ್ಣದವಳೇ! ಅಜ್ಜಿ ಹೆಸರು ಅಳಿಸಿದ ಮೇಲೆ ಅಲ್ಲಿ ನನ್ನ ಹೆಸರು ಬರಿ!”

“ನಿಮ್ಮ ಹೆಸರು ಹೊತ್ತರೆ ಅಜ್ಜಿನೂ ತಿಂದು ಮಲಗಿಬಿಡ್ತಾಳೆ, ಸುಮ್ನಿರ್ರೀ!”

ಹಲಗೆಗಳ ಮೇಲಿದ್ದ ಹೆಂಗಸರೆಲ್ಲ ನಕ್ಕರು. ಅಣ್ಣನ ಮುಖ ಮಸಿಯಾಗಿತ್ತು, ಹಲ್ಲು ಮಾತ್ರ ಕಾಣುತ್ತಿದ್ದವು.

ಹಿಂಡು ಹೊರಟ ಪ್ರತಿಸಲವೂ ಒಂದೋ ಎರಡೋ ಹಡಗು ವಾಪಸು ಬರುತ್ತಿರಲಿಲ್ಲ. ಅಜ್ಜಿ ಮಾತ್ರ, ಎಲ್ಲರೂ ಬಂದಾದ ಮೇಲೆ, ಕೆಮ್ಮುತ್ತ ಬಂದು ಕಟ್ಟೆಗೆ ಒರಗುತ್ತಿದ್ದಳು. ಮುಂದೆ ಸಾಗುವ ಕೊಬ್ಬಿದ ಹಡಗುಗಳನ್ನು ಬಿಟ್ಟು ಈ ಮುದುಕಿಗೆ ಮದ್ದು ಯಾಕೆ ದಂಡ ಎಂದುಕೊಂಡನೋ ಏನೋ ವೈರಿ. ಹೀಗೆ ಬಂದು ಬಂದೇ ಅವಳಿಗೆ ಹೆಸರಾಯಿತು. ಪತ್ರಿಕೆಯಲ್ಲಿ ಚಿತ್ರ ಬಂತು. ಹಡಗಿಗೆ ಆಳು ಸೇರಿಸುವ ಆಫೀಸಿನ ಗೋಡೆಗೂ ಅದೇ ಚಿತ್ರ ಹಚ್ಚಿದರು. ಕೆಳಗೆ ಮಾಲೀಕನ ತಾಯಿಯ ಹೆಸರು, ಅದರ ಕೆಳಗೆ, ‘ಈ ಮುದಿ ಹಡಗಿಗಿಲ್ಲದ ಭಯ ನಿಮಗೇಕೆ?’ ಅಜ್ಜಿ ಎನ್ನುವ ನಮ್ಮ ಹೆಸರು ಆಫೀಸಿನವರಿಗೆ ಗೊತ್ತೇ ಇರಲಿಲ್ಲ. ನಾವಾದರೂ ಯಾಕೆ ಹೇಳಲಿ?

ಕೊನೆಯ ಸಲ ಹೊರಡುವಾಗ ಅಣ್ಣ ಹೊಸ್ತಿಲಲ್ಲಿ ನಿಂತು ಎಂದಿನಂತೆ ‘ಬರ್ತೀನಿ’ ಅಂದ. ಅಮ್ಮ ಎಂದಿನಂತೆ ‘ಅಜ್ಜೀನ ನೋಡ್ಕೋ’ ಅಂದಳು.

ಹಿಂಡಿನ ಉಳಿದ ಹಡಗುಗಳು ಒಂದೊಂದಾಗಿ ಬಂದವು. ಅಜ್ಜಿ ಬರಲಿಲ್ಲ. ತಡ ಮಾಡುವುದು ಅವಳ ಜಾಯಮಾನ ಎಂದು ಸುಮ್ಮನಿದ್ದೆವು. ಬಂದವರು ನಮ್ಮ ಓಣಿಯ ಕಡೆ ಬರುವುದನ್ನು ಬಿಟ್ಟರು. ದಾರಿಯಲ್ಲಿ ಸಿಕ್ಕರೆ ಬೀಡಿ ಹಚ್ಚಿಕೊಳ್ಳುವ ನೆವದಲ್ಲಿ ಮುಖ ತಿರುಗಿಸುತ್ತಿದ್ದರು. ಅತ್ತಿಗೆ ಕಂಪನಿಯ ಆಫೀಸಿಗೆ ಹೋದಳು. ಅಲ್ಲಿನ ಗುಮಾಸ್ತ ಗೋಡೆಯ ಮೇಲಿನ ಬರಹ ತೋರಿಸಿದ.

“ಗೋಡೆಗೂ ಕಿವಿ ಇದೆ ಅಂತ ಬರೆದಿದೆ ನೋಡಮ್ಮ. ಹಡಗಿನ ಸುದ್ದಿ ಕೇಳಂಗಿಲ್ಲ, ನಾವು ಹೇಳಂಗಿಲ್ಲ.”

“ಕಿವಿ ಇರೋ ಗೋಡೆಗೆ ಬಾಯಿ ಇಲ್ವಾ ಸ್ವಾಮಿ? ನೀವು ಹೇಳದಿದ್ರೆ ಅದಾದ್ರೂ ಹೇಳ್ಲಿ.”

ಅವನು ಬಾಗಿಲು ತೋರಿಸಿದ.

ಅತ್ತಿಗೆಗೆ ಬೇಕಾಗಿದ್ದದ್ದು ಒಂದೇ ಮಾತು. ಇದ್ದಾನೆ ಅಥವಾ ಇಲ್ಲ. ಇದ್ದರೆ ಕಾಯುತ್ತೇನೆ, ಇಲ್ಲದಿದ್ದರೆ ಅಳುತ್ತೇನೆ. “ಎರಡೂ ಮಾಡದ ಹಾಗೆ ಕೂರಿಸಿದ್ದಾರಲ್ಲೇ ನನ್ನ” ಎಂದು ತುಕ್ಕು ಕೆರೆಯುವಾಗ ಒಮ್ಮೆ ಅಂದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಆ ಹೊತ್ತಿಗೆ ಊರಿನಲ್ಲಿ ಗುಸುಗುಸು ಹಬ್ಬಿತ್ತು. ಆ ಮುದುಕಿಯೇ ಬರಲಿಲ್ಲವೆಂದರೆ ಇನ್ನು ಯಾರು ಬಂದಾರು ಎಂದು ಗಂಡಸರು ಹಡಗು ಹತ್ತಲು ಹಿಂಜರಿದರು. ಆಳು ಸೇರಿಸುವ ಆಫೀಸು ಬಿಕೋ ಎನ್ನತೊಡಗಿತು.

ಆಗಲೇ ರಿಪೇರಿ ಕಟ್ಟೆಗೆ ಇನ್ನೊಂದು ಮುದಿ ಹಡಗು ಬಂತು. ಅಜ್ಜಿಯಷ್ಟೇ ಉದ್ದ, ಅವಳಿಗಿದ್ದಂತೆಯೇ ಒಂದೇ ಹೊಗೆಗೊಳವೆ. ನಮ್ಮ ಗುಂಪಿನಲ್ಲಿ ಓದು ಬರುವ ನಾಲ್ಕಾರು ಹೆಂಗಸರಿದ್ದರು. ಮೇಸ್ತ್ರಿ ಅವರನ್ನೆಲ್ಲ ಆಚೆ ಹಗ್ಗದ ಕೊಟ್ಟಿಗೆಗೆ ಕಳಿಸಿ, ನನ್ನನ್ನೂ ಅತ್ತಿಗೆಯನ್ನೂ ಮೂತಿಯ ಹತ್ತಿರ ಹಲಗೆ ಇಳಿಸಿ ಕೂರಿಸಿದ. ಬೂದು ಬಣ್ಣದ ಅಡಿಯಲ್ಲಿ ಕಬ್ಬಿಣದ ಉಬ್ಬಕ್ಷರಗಳಿದ್ದವು. ಯಾವುದೋ ಉದ್ದನೆಯ ಹೆಸರು. ಅದನ್ನು ಉಳಿಯಿಂದ ಕೆತ್ತಿ, ಕೆರೆದು, ಮೆತ್ತಿ, ಕೈಯಾಡಿಸಿದರೂ ತಿಳಿಯದಷ್ಟು ನುಣ್ಣಗೆ ಮಾಡಿದೆವು.

ಮಾರನೆಯ ದಿನ ಮೇಸ್ತ್ರಿ ತಗಡಿನ ಅಚ್ಚುಗಳನ್ನು ತಂದ. ತಗಡಿನಲ್ಲಿ ಅಕ್ಷರ ಕೊರೆದಿರುತ್ತದೆ, ಹಡಗಿಗೆ ಒತ್ತಿ ಹಿಡಿದು ಬಿಳಿ ಬಣ್ಣ ಬಳಿದರೆ ಅಕ್ಷರ ಮೂಡುತ್ತದೆ. ಎಲ್ಲ ಹಡಗಿನ ಹೆಸರೂ ಮುಚ್ಚಿರುವಾಗ ಇದಕ್ಕೊಂದಕ್ಕೆ ಯಾಕೆ ಎಂದು ಅತ್ತಿಗೆ ಕೇಳಿದಳು.

“ಪತ್ರಿಕೆಯವರು ಚಿತ್ರ ತೆಗೀತಾರಂತೆ. ಆಮೇಲೆ ಮತ್ತೆ ಬೂದು ಬಳಿದರಾಯ್ತು. ನಿಂಗ್ಯಾಕೆ ಅಧಿಕಪ್ರಸಂಗ, ಬಳಿ.”

ಅವನು ಅಚ್ಚುಗಳನ್ನು, ನಡುವೆ ಯಾರೂ ಓದದಿರಲಿ ಎಂದೋ ಏನೋ, ಕೊನೆಯಿಂದ ಮೊದಲಿಗೆ, ಒಂದೊಂದಾಗಿ ಮೇಲಿನಿಂದ ಇಳಿಸಿದ. ಮೊದಲು ಜಡೆ. ನಾನು ಹಿಡಿದೆ, ಅತ್ತಿಗೆ ಬಳಿದಳು. ಆಮೇಲೆ ಕೊಕ್ಕೆ. ಆಮೇಲೆ ಏಣಿ. ಏಣಿ ಮುಗಿಸುವಾಗ ಅವಳ ಬ್ರಷ್ ನಿಂತಿತು. ತುಟಿ ಅಲುಗಿತು.

“ಜಡೆ, ಕೊಕ್ಕೆ, ಏಣಿ... ಇನ್ನು ಬರೋದು ಹೊಟ್ಟೆ.”

ಮೇಲಿನಿಂದ ಹಗ್ಗದ ತುದಿಯಲ್ಲಿ ಹೊಟ್ಟೆ ಇಳಿದು ಬಂತು.

ನನಗೆ ಮೈಯೆಲ್ಲ ಹೂವಾಯಿತು. “ಅತ್ತಿಗೇ! ನಮ್ಮ ಅಜ್ಜೀನೇ ಇವಳು! ಬಂದುಬಿಟ್ಟಿದ್ದಾಳೆ!”

“ಕೆನ್ನೆ ನೋಡೇ.”

ಬಗ್ಗಿ ನೋಡಿದೆ. ಗುಳಿ ಇರಲಿಲ್ಲ.

“ತಟ್ಟಿ ಸರಿ ಮಾಡಿರಬೇಕು.”

“ನಿನ್ನೆ ನಾವೇ ಕೆತ್ತಿ ತೆಗೆದ ಹೆಸರು ಯಾರದ್ದು ಹಾಗಾದ್ರೆ?”

ಅತ್ತಿಗೆ ಬ್ರಷನ್ನು ಡಬ್ಬದ ಅಂಚಿಗೆ ಒರೆಸಿದಳು, ಮತ್ತೆ ಒರೆಸಿದಳು.

“ನಿಮ್ಮಣ್ಣನಿಗೆ ನಿಮ್ಮ ತಾತನ ಹೆಸರು ಯಾವಾಗ ಇಟ್ರು?”

“ತಾತ ಸತ್ತ ಮೇಲೆ.”

“ಬದುಕಿರೋರ ಹೆಸರು ಯಾರೂ ಕಿತ್ಕೊಳ್ಳಲ್ಲ ಕಣೇ” ಎಂದಳು.

ಮೇಸ್ತ್ರಿ ಮೇಲಿನಿಂದ ಬಗ್ಗಿ, ಯಾಕೆ ಕೈ ನಿಂತಿತು ಎಂದು ಗದರಿದ. ಅತ್ತಿಗೆ ತಲೆಯೆತ್ತಿ ಕೇಳಿದಳು:

“ಇದು ಯಾವಾಗ ಆಯ್ತು ಮೇಸ್ತ್ರಿ? ನಮ್ಮ ಅಜ್ಜಿದು?”

ಅವನ ಮುಖ ಸುಣ್ಣವಾಯಿತು. ಅಕ್ಕಪಕ್ಕ ನೋಡಿದ. “ಓದೋಕೆ ಬರಲ್ಲ ಅಂತ ತಾನೇ ನಿಮ್ಮಿಬ್ಬರನ್ನ ಹಾಕಿದ್ದು!” ಎಂದು ಹಲ್ಲು ಕಚ್ಚಿ ಅಂದ. ಅಂದ ಮೇಲೆ ತಾನು ಏನಂದೆ ಎಂದು ಅವನಿಗೇ ತಿಳಿಯಿತು. ದನಿ ಇಳಿಸಿದ. “ನೋಡು ತಾಯಿ, ಬಾಯಿ ಬಿಟ್ರೆ ನಿನಗೂ ಜೈಲು, ನನಗೂ ಜೈಲು. ಸುಳ್ಳು ಸುದ್ದಿ ಹಬ್ಬಿಸಿದ್ರು ಅಂತಾರೆ.”

“ಸುಳ್ಳು ಸುದ್ದಿ ಯಾವುದು? ನಾನು ಹೇಳೋದಾ, ನೀವು ಬರೆಸ್ತಿರೋದಾ?”

“ನನ್ನ ಕೇಳಬೇಡ. ಯಾರೂ ಉಳಿದಿಲ್ಲ ಅಂತಷ್ಟೇ ನನಗೆ ಗೊತ್ತು. ಮುಗಿಸಿಬಿಡು, ನಿನ್ನ ಕಾಲಿಗೆ ಬೀಳ್ತೀನಿ.”

ಮೇಲೆ ನಿಂತವನು ಕೆಳಗೆ ತೂಗಾಡುವವಳ ಕಾಲಿಗೆ ಬೀಳುತ್ತೇನೆ ಅಂದ. ಬೇರೆ ದಿನವಾಗಿದ್ದರೆ ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅತ್ತಿಗೆ ಹೊಟ್ಟೆಯನ್ನು ಬಳಿದು ಮುಗಿಸಿದಳು. ಬಣ್ಣ ಎಲ್ಲೂ ಇಳಿಯಲಿಲ್ಲ, ಅಂಚು ಎಲ್ಲೂ ಸೊಟ್ಟಗಾಗಲಿಲ್ಲ. ಅವಳ ಕೈಯಿಂದ ಬಂದ ಕೆಲಸಗಳಲ್ಲಿ ಅಷ್ಟು ಚೆನ್ನಾಗಿದ್ದದ್ದು ಮತ್ತೊಂದನ್ನು ನಾನು ನೋಡಿಲ್ಲ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನಮ್ಮ ಓಣಿಯ ಹಗ್ಗದಂಗಡಿಯವಳ ಮಗನಿಗೆ ಓದು ಬರುತ್ತಿತ್ತು. ಬೇಲಿಯಾಚೆಯಿಂದ ಹೆಸರು ಓದಿ ಓಡಿ ಬಂದಿದ್ದ. ಅವನ ತಾಯಿ ನಮ್ಮ ಅಂಗಳದಲ್ಲಿ ನಿಂತು ಎದೆ ಬಡಿದುಕೊಂಡು ನಗುತ್ತಿದ್ದಳು.

“ಅಜ್ಜಿ ಬಂದಿದ್ದಾಳೇ! ನನ್ನ ಮಗ ಕಣ್ಣಾರೆ ಓದಿ ಬಂದ! ನಾ ಹೇಳ್ಲಿಲ್ವಾ, ಆ ಮುದುಕಿ ನಮ್ಮನ್ನೆಲ್ಲ ಕಳಿಸಿಯೇ ಸಾಯೋಳು ಅಂತ? ಇನ್ನು ನನ್ನ ಮಗ ಹಡಗು ಹತ್ತೋದಾದ್ರೆ ಅದನ್ನೇ ಹತ್ತಲಿ.”

ಒಳಗೆ ಅಮ್ಮ ಮಂಡಿನೋವು ಮರೆತು ಅಣ್ಣನ ಬಿಳಿ ಅಂಗಿ ತೆಗೆದು ಅಂಗೈಯಿಂದಲೇ ಸುಕ್ಕು ತೀಡುತ್ತಿದ್ದಳು. “ಯಾಕೋ ಇನ್ನೂ ಮನೆಗೆ ಬಂದಿಲ್ಲ, ಹೊರಗೆ ಬಿಡ್ತಾ ಇಲ್ವೇನೋ. ನಾಳೆ ಕಟ್ಟೆಗೆ ನಾನೂ ಬರ್ತೀನಿ.”

ಅತ್ತಿಗೆ ಅವಳ ಮುಖ ನೋಡಿದಳು, ಅಂಗಳದ ತುಂಬ ನಿಂತಿದ್ದ ಹೆಂಗಸರ ಮುಖ ನೋಡಿದಳು. “ನೋಡೋಣ ಅತ್ತೆ” ಅಂದಳು, ಅಷ್ಟೆ. ಅಮ್ಮನಿಗೆ ಸಿಟ್ಟು ಬಂತು. ಗಂಡ ಬಂದರೂ ಮುಖ ಅರಳದ ಹೆಂಡತಿ ಎಂದು ಬೈದಳು.

ಬೆಳಿಗ್ಗೆ ಕಟ್ಟೆಯ ತುಂಬ ಜನ. ಹಡಗಿನ ಮೂತಿಯ ಮೇಲೆ ನಾಲ್ಕು ಅಕ್ಷರ ಬಿಸಿಲಿಗೆ ಹೊಳೆಯುತ್ತಿದ್ದವು. ಕ್ಯಾಮೆರಾದವನು ತನ್ನ ಮೂರು ಕಾಲಿನ ಕುದುರೆ ನಿಲ್ಲಿಸಿದ್ದ. ಒಂದು ಪಕ್ಕದಲ್ಲಿ ಹೊಸದಾಗಿ ಹಡಗು ಹತ್ತುವ ಗಂಡಸರು ಗಂಟುಮೂಟೆ ಹಿಡಿದು ಸಾಲು ನಿಂತಿದ್ದರು. ಹಗ್ಗದಂಗಡಿಯವಳ ಮಗನೂ ಆ ಸಾಲಿನಲ್ಲಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು. ಕನ್ನಡಕದ ಸಾಹೇಬ ಒಬ್ಬ ಎತ್ತರದಲ್ಲಿ ನಿಂತು ಭಾಷಣ ಮಾಡುತ್ತಿದ್ದ. ಈ ಹಡಗಿಗೆ ಸಾವಿಲ್ಲ, ಇದನ್ನು ಹತ್ತಿದವರಿಗೂ ಇಲ್ಲ.

ಹೆಂಗಸರು ಕಟಕಟೆಯ ಹತ್ತಿರ ಕಾಣುವ ಮುಖಗಳನ್ನು ಒಂದೊಂದಾಗಿ ನೋಡಿದರು. ಒಂದೂ ಗುರುತಿನದಲ್ಲ.

“ನಮ್ಮವನು ಕೆಳಗಿರ್ತಾನೆ, ಬಾಯ್ಲರ್ ಹತ್ರ” ಎಂದಳು ಅಮ್ಮ, ಬಿಳಿ ಅಂಗಿ ಎದೆಗೊತ್ತಿಕೊಂಡು. “ಮಸಿ ತೊಳ್ಕೊಂಡು ಬರ್ಬೇಕಲ್ಲ.”

ಅತ್ತಿಗೆ ಸಾಲಿನಲ್ಲಿದ್ದ ಗಂಡಸರ ಕಡೆ ತಿರುಗಿದಳು. ಪಕ್ಕದ ಮನೆಯವರಿಗೆ ಗೋಡೆಯಾಚೆಯಿಂದ ಸುದ್ದಿ ಹೇಳುವ ಹಾಗೆ, ಎತ್ತರದ ದನಿಯಲ್ಲಿ ಅಂದಳು:

“ಅತ್ತೇ, ಅಜ್ಜಿ ಹೋದ್ಳು.”

ಅಮ್ಮನ ಕೈ ಅವಳ ಬಾಯಿಗೆ ಅಪ್ಪಳಿಸಿತು. ಆ ಸದ್ದಿಗೆ ಸುತ್ತಲಿನ ಮಾತೆಲ್ಲ ನಿಂತಿತು. ಅತ್ತಿಗೆಯ ತುಟಿಯಂಚಿನಲ್ಲಿ ರಕ್ತ. ಅವಳು ಒರೆಸಿಕೊಳ್ಳಲಿಲ್ಲ.

“ಹೊಡೀರಿ ಅತ್ತೆ. ಹೋದ್ಳು. ಆ ಹೆಸರು ನಿನ್ನೆ ನಾನೇ ಬರೆದದ್ದು. ಕೆನ್ನೆ ನೋಡಿ, ಗುಳಿ ಎಲ್ಲಿದೆ? ಅಜ್ಜಿ ಒಬ್ಬಳೇ ಹೋಗ್ಲಿಲ್ಲ, ಮನೆಮಂದೀನೆಲ್ಲ ಕರ್ಕೊಂಡು ಹೋದ್ಳು.”

ಅಮ್ಮ ನೋಡಿದಳು. ನೋಡುತ್ತಲೇ ಇದ್ದಳು. ಮತ್ತೆ ಎತ್ತಿದ್ದ ಕೈ ಕೆಳಗಿಳಿಯಲಿಲ್ಲ. ಹಿಂದೆ ಯಾರೋ ಒಬ್ಬಳು ಚೀರಿದಳು, ಆಮೇಲೆ ಇನ್ನೊಬ್ಬಳು, ಆಮೇಲೆ ಇಡೀ ಕಟ್ಟೆ. ಸಾಲಿನಲ್ಲಿದ್ದ ನಮ್ಮ ಊರಿನ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಗಂಟು ಕೆಳಗಿಟ್ಟ. ಹಗ್ಗದಂಗಡಿಯವಳು ಮಗನ ಅಂಗಿಯ ಕೊರಳಪಟ್ಟಿ ಹಿಡಿದು ದರದರ ಎಳೆದುಕೊಂಡು ನಡೆದಳು.

ಸಾಹೇಬ ಭಾಷಣ ನಿಲ್ಲಿಸಿ ಮೇಸ್ತ್ರಿಯನ್ನು ಕರೆದ. “ಏನಾಯ್ತು ಅಲ್ಲಿ? ಏನಂತೆ ಆ ಹೆಂಗಸಿಂದು?”

ಮೇಸ್ತ್ರಿ ನಮ್ಮ ಕಡೆ ನೋಡಿದ, ನೆಲ ನೋಡಿದ. “ಅವರಜ್ಜಿ ತೀರಿಕೊಂಡರಂತೆ ಸಾರ್. ಈಗಷ್ಟೇ ಗೊತ್ತಾಯ್ತಂತೆ.”

ಸಾಹೇಬ ಒಳ್ಳೆಯ ಮನುಷ್ಯನೇ ಇರಬೇಕು. ಮೆಟ್ಟಿಲಿಳಿದು ಬಂದು, ತಲೆಯ ಮೇಲಿನ ಟೋಪಿ ತೆಗೆದು ಅಮ್ಮನ ಮುಂದೆ ನಿಂತ.

“ಕೇಳಿ ಬೇಜಾರಾಯ್ತಮ್ಮ. ವಯಸ್ಸಾಗಿತ್ತೇನು?”

“ತುಂಬ ವಯಸ್ಸಾಗಿತ್ತು ಸ್ವಾಮಿ” ಎಂದಳು ಅಮ್ಮ. ಅವಳ ದನಿ ಎಲ್ಲಿಂದಲೋ ಬಂದ ಹಾಗಿತ್ತು. “ಒಂದು ಕಡೆ ಕೂರಿಸ್ಬೇಕಿತ್ತು. ಮೂಳೆ ಸವೆದಿದ್ರೂ ಬಿಡಲಿಲ್ಲ, ಹೊರೆ ಹೊರಿಸಿದ್ರು.”

“ಯುದ್ಧಕಾಲ ಅಲ್ವೇನಮ್ಮ. ಎಲ್ಲರೂ ಹೊರಬೇಕು.”

“ಹೌದು. ಹೊರಿಸಿದೋರು ಮಾತ್ರ ಚೆನ್ನಾಗಿದ್ದಾರೆ.”

ಅವನಿಗೆ ಅರ್ಥವಾಗಲಿಲ್ಲ. ತಲೆ ಅಲ್ಲಾಡಿಸಿ ಟೋಪಿ ಹಾಕಿಕೊಂಡ. ಅಣ್ಣನ ಸಾವಿಗೆ ಆಫೀಸಿನ ಕಡೆಯಿಂದ ನಮಗೆ ಸಿಕ್ಕ ಸಂತಾಪ ಅದೊಂದೇ.

ಕ್ಯಾಮೆರಾದವನು ತನ್ನ ಕೆಲಸ ಮಾಡಿದ್ದ. ಪತ್ರಿಕೆಯಲ್ಲಿ ಚಿತ್ರ ಬಂತು. ಹಿಂದೆ ಹಡಗು, ಮುಂದೆ ಬಾಯಿ ತೆರೆದು ಅಳುವ ನಾವು. ಹಾಳೆಯನ್ನು ಅಮ್ಮ ಪೆಟ್ಟಿಗೆಯ ತಳದಲ್ಲಿ ಹಾಸಿದ್ದಳು. ಅಕ್ಷರ ಬಂದ ಮೇಲೆ ಅದನ್ನು ತೆಗೆದು ಕೂಡಿಸಿ ಕೂಡಿಸಿ ಓದಿದೆ. ‘ಹಿಂದಿರುಗಿದ ಹಡಗನ್ನು ಕಂಡು ಆನಂದಬಾಷ್ಪ ಸುರಿಸಿದ ಹೆಂಗಸರು.’

ಕಟ್ಟೆಯಿಂದ ಓಡಿದ ಗಂಡಸರನ್ನು ಪೊಲೀಸರು ಮನೆಮನೆ ಹೊಕ್ಕು ಹಿಡಿದು ತಂದರು. ಹೆಸರು ಕೊಟ್ಟಾದ ಮೇಲೆ ಹಡಗು ಹತ್ತದಿದ್ದರೆ ಅಪರಾಧವಂತೆ. ಹಗ್ಗದಂಗಡಿಯವಳ ಮಗ ಅಟ್ಟದ ಮೇಲೆ ಸುರುಳಿ ಹಗ್ಗದ ಮಧ್ಯೆ ಅಡಗಿದ್ದ. ಅಲ್ಲಿಂದ ಇಳಿಸಿಕೊಂಡು ಹೋದರು. ಅಜ್ಜಿಯ ಹೆಸರಿನ ಆ ಹಡಗು ಹೊರಟಿತು. ಹೋಯಿತು. ಅದರ ಸುದ್ದಿಯನ್ನೂ ಯಾರೂ ಹೇಳಲಿಲ್ಲ. ನಾವೇ ತಿಳಿದುಕೊಂಡೆವು.

ಯುದ್ಧ ಮುಗಿದ ಮೇಲೆ ಕಟ್ಟೆಯ ತುದಿಯಲ್ಲಿ ಕಲ್ಲು ನಿಲ್ಲಿಸಿದರು. ಮುಳುಗಿದ ಹಡಗುಗಳ ಹೆಸರು, ಪ್ರತಿ ಹೆಸರಿನ ಕೆಳಗೆ ಸತ್ತವರ ಹೆಸರು. ಅತ್ತಿಗೆ ಬೆರಳಾಡಿಸುತ್ತ ಹುಡುಕಿದಳು. ಹೊಟ್ಟೆ, ಏಣಿ, ಕೊಕ್ಕೆ, ಜಡೆ. ಸಿಕ್ಕಿತು. ಪಕ್ಕದಲ್ಲಿದ್ದ ಆಫೀಸಿನ ಹುಡುಗನಿಗೆ ಕೆಳಗಿನ ಹೆಸರುಗಳನ್ನು ಓದಲು ಹೇಳಿದಳು. ಓದಿದ. ಎಲ್ಲರೂ ಆ ಎರಡನೆಯ ಹಡಗು ಹತ್ತಿದವರು. ಅಣ್ಣ ಇರಲಿಲ್ಲ, ಅಣ್ಣನ ಜೊತೆಯವರು ಒಬ್ಬರೂ ಇರಲಿಲ್ಲ.

“ಹಡಗು ಮುಳುಗಿದಾಗ ನಿಮ್ಮ ಯಜಮಾನರು ಅದರಲ್ಲಿ ಇರಲಿಲ್ಲವಲ್ಲಮ್ಮ” ಎಂದ ಅವನು, ತಾಳ್ಮೆಯಿಂದಲೇ. “ಎಲ್ಲೋ ನಡುವೆ ಇಳಿದು ಹೋಗಿರ್ಬೇಕು. ಒಂದು ಹಡಗು ಎರಡು ಸಲ ಹೇಗೆ ಮುಳುಗುತ್ತೆ, ನೀವೇ ಹೇಳಿ?”

ಅತ್ತಿಗೆ ಆ ನಾಲ್ಕು ಅಕ್ಷರಗಳ ಮೇಲೆ ಅಂಗೈಯಿಟ್ಟು, ಅಂದು ಹಡಗಿನ ಮೂತಿಯನ್ನು ಸವರಿದ ಹಾಗೆಯೇ ಸವರಿದಳು, ಉಗುರಿನಿಂದ ಅಂಚು ಕೆರೆದಳು.

“ಇದರಡಿ ಏನೂ ಇಲ್ಲ ಕಣೇ. ಬರೀ ಕಲ್ಲು.”

ಹಗ್ಗದಂಗಡಿಯವಳು ಕಲ್ಲಿನ ಬುಡದಲ್ಲಿ ಕೂತಿದ್ದಳು. ಅವಳು ಅಲ್ಲೇ ಕೂತಿರುತ್ತಿದ್ದಳು, ಅಂಗಡಿಗಿಂತ ಹೆಚ್ಚು. ಆ ಹೆಸರು ಬರೆದ ಕೈ ನಮ್ಮದೆಂದು ನಮ್ಮ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅವತ್ತು ಸ್ವಲ್ಪ ಸರಿದು ಜಾಗ ಮಾಡಿದಳು.

“ಕೂತ್ಕೋ. ಮೇಲಿರೋ ಹೆಸರು ನಿಮ್ಮದು. ಕೆಳಗಿರೋನು ನಮ್ಮವನು.”

ಅತ್ತಿಗೆ ಕೂರಲಿಲ್ಲ. ಅವಳ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟಳು. ಆಮೇಲೆ ಮನೆಯ ಕಡೆ ತಿರುಗುತ್ತ “ಹೋಗ್ತೀನಿ” ಅಂದಳು. ಹಗ್ಗದಂಗಡಿಯವಳು ಅವಳ ಬಾಯಿಯ ಕಡೆ ನೋಡುತ್ತ ಕಾದಳು. ‘ಬರ್ತೀನಿ’ ಎನ್ನುವ ಮಾತು ಬರಲಿಲ್ಲ.